ನೂರು ಮನೆಯ ಊರಿನ ನೆನಪನ್ನು ದಾಖಲಿಸುವುದು ಹೇಗೆ: ಮನೆಪಟ್ಟಿಯಿಂದ ಬ್ಯಾಕಪ್‌ವರೆಗೆ

ಊರಿನ ಚರಿತ್ರೆ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ದೇವಸ್ಥಾನದ ಎದುರಿನ ಶಾಸನದ ಬಳಿಗೆ. ಅದನ್ನು ಕೊನೆಗೆ ನೋಡಿಕೊಂಡರೂ ನಷ್ಟವಿಲ್ಲ. ಎಂಟುನೂರು ವರ್ಷ ನಿಂತ ಕಲ್ಲು ಇನ್ನೆರಡು ವರ್ಷ ನಿಲ್ಲುತ್ತದೆ. ಹಿಂದಿನ ಕೇರಿಯ ತೊಂಬತ್ತರ ಅಜ್ಜಿಯ ವಿಷಯದಲ್ಲಿ ಆ ಭರವಸೆ ಇಲ್ಲ. ಆದ್ದರಿಂದ ಇಲ್ಲಿನ ಕ್ರಮ ಹೀಗಿದೆ: ಮೊದಲು ಜನ, ಆಮೇಲೆ ಫೋಟೊ, ಆಮೇಲೆ ಕಾಗದ, ಕಟ್ಟಕಡೆಗೆ ಕಲ್ಲು. ಪುಸ್ತಕ ಮಾಡುವ ಯೋಚನೆಯನ್ನಂತೂ ಕನಿಷ್ಠ ಒಂದು ವರ್ಷ ಪಕ್ಕಕ್ಕಿಡಿ. ಪುಸ್ತಕದ ಮಾತು ಬಂದ ಕೂಡಲೇ ಯಾರ ಫೋಟೊ ಮುಖಪುಟಕ್ಕೆ ಎಂಬ ಜಗಳ ಶುರುವಾಗಿ ಸಂಗ್ರಹ ನಿಲ್ಲುತ್ತದೆ.

ಎಂಬತ್ತರಿಂದ ನೂರೈವತ್ತು ಮನೆಗಳ ಊರಿಗೆ ಮೂರರಿಂದ ಐದು ಜನ ಸಾಕು. ಅವರಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಲಿ, ಎಲ್ಲರೂ ಒಂದೇ ಕೇರಿಯವರಾಗದಿರಲಿ. ಇದು ಶಿಷ್ಟಾಚಾರದ ಮಾತಲ್ಲ. ಗೇಣಿ, ಬಿಟ್ಟಿ ಚಾಕರಿ, ಬಾವಿಗೆ ಬಿಡದಿದ್ದದ್ದು, ಇವೆಲ್ಲ ಒಡೆಯರ ಮನೆಯ ಜಗಲಿಯ ಮೇಲೆ ಕೂತು ಕೇಳಿದರೆ ಹೊರಬರುವುದಿಲ್ಲ. ಆಯಾ ಕೇರಿಯಲ್ಲಿ, ಅವರವರ ಮನೆಯಲ್ಲೇ, ಅವರು ನಂಬುವವರು ಕೇಳಬೇಕು.

ಮನೆಪಟ್ಟಿ ಮತ್ತು ನಕ್ಷೆ

ಒಂದು ಗಟ್ಟಿ ರಟ್ಟಿನ ಲೆಡ್ಜರ್ ತಂದು ಊರಿನ ಪ್ರತಿ ಮನೆಗೂ ಮೂರಂಕಿಯ ಸಂಖ್ಯೆ ಕೊಡಿ: 001, 002 ಹೀಗೆ. ಪಂಚಾಯಿತಿಯ ಖಾತೆ ನಂಬರ್ ಬಳಸಬೇಡಿ. ಪಾಲಾದಾಗ, ಮಾರಿದಾಗ ಅದು ಬದಲಾಗುತ್ತದೆ. ಬಿದ್ದುಹೋದ ಮನೆಗೂ, ಪೂರ್ತಿ ಊರು ಬಿಟ್ಟುಹೋದ ಮನೆತನಕ್ಕೂ ಸಂಖ್ಯೆ ಇರಲಿ. ಒಂದು ಮನೆಗೆ ಎದುರುಬದುರಿನ ಎರಡು ಪುಟ. ಎಡಪುಟದಲ್ಲಿ ಮನೆತನದ ಹೆಸರು, ಅಡ್ಡಹೆಸರು, ಮನೆದೇವರು, ಗೋತ್ರವೋ ಬೆಡಗೋ ಬಳಿಯೋ ಏನು ಹೇಳುತ್ತಾರೋ ಅದು, ಎಲ್ಲಿಂದ ಬಂದವರು ಎಂಬ ಹೇಳಿಕೆ, ಈಗ ಇರುವವರ ಹೆಸರು. ಬಲಪುಟ ಖಾಲಿ ಬಿಡಿ, ಅದು ತಾನಾಗಿ ತುಂಬುತ್ತದೆ.

ಮನೆದೇವರನ್ನು ಮರೆಯದೆ ಕೇಳಿ. ಮನೆದೇವರು ನೂರು ಮೈಲಿ ದೂರದಲ್ಲಿದ್ದರೆ, ಆ ಮನೆತನ ಆ ಕಡೆಯಿಂದ ವಲಸೆ ಬಂದಿರುವ ಸಾಧ್ಯತೆ ಹೆಚ್ಚು. ಬೇರೆ ಯಾವ ಕಾಗದವೂ ಕೊಡದ ಸುಳಿವು ಇದು. ಆದರೂ ಸುಳಿವನ್ನು ಸುಳಿವು ಎಂದೇ ಬರೆಯಿರಿ.

ನಕ್ಷೆಗೆ ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ಸರ್ವೆ ನಂಬರ್ ಇರುತ್ತದೆ, ಹೆಸರಿರುವುದಿಲ್ಲ. ಹೆಸರು ತುಂಬುವುದು ನಿಮ್ಮ ಕೆಲಸ. ಪ್ರತಿ ಗದ್ದೆ, ಹಕ್ಕಲು, ಕಟ್ಟೆ, ತೋಡು, ಗೋಮಾಳಕ್ಕೂ ಜನ ಕರೆಯುವ ಹೆಸರಿರುತ್ತದೆ, ಮತ್ತು ಆ ಹೆಸರಲ್ಲಿ ಎಷ್ಟೋ ಸಲ ಈಗಿಲ್ಲದ ಮನೆತನವೊಂದು ಅಡಗಿರುತ್ತದೆ. ಮುಳುಗಡೆಯಾದ ಊರಾದರೆ ಕೆಲಸ ತಿರುಗುಮುರುಗು. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಚದುರಿದ ಶರಾವತಿ ಕಣಿವೆಯವರನ್ನಾಗಲಿ, ಆಲಮಟ್ಟಿಯ ಹಿನ್ನೀರಿನಿಂದ ನವನಗರಕ್ಕೆ ಹೋದ ಹಳೇ ಬಾಗಲಕೋಟೆಯವರನ್ನಾಗಲಿ ಒಬ್ಬೊಬ್ಬರನ್ನಾಗಿ ಅಲ್ಲ, ನಾಲ್ಕೈದು ಜನರನ್ನು ಒಟ್ಟಿಗೆ ಕೂರಿಸಿ. ನೆಲದ ಮೇಲೆ ದೊಡ್ಡ ಹಾಳೆ ಹಾಸಿ ಹೊಳೆ, ದಾರಿ, ಗುಡಿ ಎಳೆಯಿರಿ. ಮೊದಲ ಗೆರೆ ತಪ್ಪಿದ್ದರೆ ಇನ್ನೂ ಒಳ್ಳೆಯದು, ತಿದ್ದುವ ಹಟಕ್ಕೆ ಎಲ್ಲರೂ ಬಾಯಿ ಬಿಡುತ್ತಾರೆ.

ಮೊದಲು ಅನುಮಾನ ನಿವಾರಣೆ

ನಮ್ಮ ಹಳ್ಳಿಗಳಲ್ಲಿ ‘ವಂಶವೃಕ್ಷ’ ಎಂದರೆ ನಾಡಕಚೇರಿಯಲ್ಲಿ ಆಸ್ತಿ ವಿಭಾಗಕ್ಕೆ ಮಾಡಿಸುವ ಪತ್ರ. ಪೆನ್ನು ಹಿಡಿದು ಯಾರ ಮಕ್ಕಳು ಯಾರು ಎಂದು ಕೇಳಿದ ಕೂಡಲೇ, ಯಾರೋ ಪಾಲಿಗೆ ಕೇಸು ಹಾಕುತ್ತಿದ್ದಾರೆ ಎಂಬ ಸುದ್ದಿ ಹಬ್ಬುತ್ತದೆ. ಅದಕ್ಕೇ ಮೊದಲ ದಿನವೇ ನಾಲ್ಕು ಜನ ಸೇರುವ ಕಡೆ ಮೂರು ವಿಷಯ ಸ್ಪಷ್ಟ ಮಾಡಿ: ಆಸ್ತಿಯ ವಿಸ್ತೀರ್ಣ, ಪಾಲಿನ ವಿವರ ಬರೆಯುವುದಿಲ್ಲ; ಆಧಾರ್, ಫೋನ್ ನಂಬರ್ ಸಂಗ್ರಹದಲ್ಲಿ ಇರುವುದಿಲ್ಲ; ಹೇಳಿದವರು ಬೇಡವೆಂದರೆ ಅವರ ಮಾತನ್ನು ತೆಗೆಯುತ್ತೇವೆ. ಈ ಮೂರನ್ನೂ ನಿಜವಾಗಿ ಪಾಲಿಸಿ.

ಒಪ್ಪಿಗೆಯಲ್ಲಿ ಮೂರು ದರ್ಜೆ ಸಾಕು: ಎಲ್ಲರಿಗೂ ತೆರೆದದ್ದು, ಊರವರಿಗೆ ಮಾತ್ರ, ಹೇಳಿದವರ ಕಾಲಾನಂತರ ಇಷ್ಟು ವರ್ಷ ಮುಚ್ಚಿಡಬೇಕಾದದ್ದು. ಓಡಿಹೋಗಿ ಮದುವೆಯಾದದ್ದು, ಆತ್ಮಹತ್ಯೆ, ಮನೆ ಬಿಟ್ಟು ಕಳಿಸಿದ ಸೊಸೆ, ಇಂಥವನ್ನು ಹೇಳಿದವರು ‘ಬರೀಬೇಡಿ’ ಎಂದರೆ ರೆಕಾರ್ಡರ್ ನಿಲ್ಲಿಸಿ. ಮೂರನೆಯ ದರ್ಜೆ ಇದೆಯೆಂದು ಗೊತ್ತಾದರೆ ಎಷ್ಟೋ ಜನ ತಾವಾಗಿ ಮತ್ತೆ ಶುರುಮಾಡುತ್ತಾರೆ.

ಮಾತಿಗೆ ಕೂರುವುದು

ಯಾರಿಂದ ಶುರು? ವಯಸ್ಸಿನ ಇಳಿಕೆಯಲ್ಲಿ ಪಟ್ಟಿ ಮಾಡಿ, ಆದರೆ ಅದರಲ್ಲಿ ಎರಡು ಗುಂಪು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಒಂದು, ಊರಿನಿಂದ ಹೊರಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಹದಿನೆಂಟಕ್ಕೆ ಬಿಟ್ಟುಹೋದ ತವರು ಅವರ ತಲೆಯಲ್ಲಿ ಆಗ ಇದ್ದ ಹಾಗೇ ಉಳಿದಿರುತ್ತದೆ. ಊರಲ್ಲೇ ಇದ್ದವರ ನೆನಪಿನ ಮೇಲೆ ಆಮೇಲಿನ ಐವತ್ತು ವರ್ಷ ಪದರಗಟ್ಟಿರುತ್ತದೆ. ಇನ್ನೊಂದು, ಸೂಲಗಿತ್ತಿ, ಕ್ಷೌರಿಕ, ಅಗಸ, ಬಡಗಿ, ಪೂಜಾರಿ, ಹೀಗೆ ಎಲ್ಲ ಮನೆಗೂ ಹೋಗಿಬರುತ್ತಿದ್ದವರು. ಒಂದು ಮನೆಯಲ್ಲಿ ಸತ್ತ ಕೂಸುಗಳ ಲೆಕ್ಕ ಆ ಮನೆಯ ಗಂಡಸರಿಗಿಂತ ಸೂಲಗಿತ್ತಿಗೆ ಚೆನ್ನಾಗಿ ಗೊತ್ತಿರುತ್ತದೆ.

ಉತ್ತರ ಮತ್ತು ಮಧ್ಯ ಕರ್ನಾಟಕದಲ್ಲಾದರೆ ಹೆಳವರನ್ನು ಕಾಯಿರಿ. ಎತ್ತಿನ ಮೇಲೆ ಊರೂರಿಗೆ ಬಂದು ಒಕ್ಕಲು ಮನೆಗಳ ವಂಶಾವಳಿ ಹಾಡಿ ಹೇಳುವ, ಹೊಸ ಹುಟ್ಟುಗಳನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವ ಸಮುದಾಯ ಅದು. ಸುಗ್ಗಿ ಮುಗಿದ ಮೇಲೆ ಬರುವ ರೂಢಿ ಹೆಚ್ಚು. ವಾಡಿಕೆಯ ಕಾಣಿಕೆ ಕೊಟ್ಟು, ಒಪ್ಪಿಗೆ ಪಡೆದು ಧ್ವನಿ ಹಿಡಿಯಿರಿ. ಅವರ ಪುಸ್ತಕದ ಪುಟಗಳನ್ನು ಕೇಳದೆ ಫೋಟೊ ತೆಗೆಯಬೇಡಿ. ಅದು ಅವರ ಅನ್ನ.

ಸಾಧನ ದೊಡ್ಡದೇನೂ ಬೇಡ. ಸಾಧಾರಣ ಫೋನಿಗೆ ತಂತಿಯ ಕಾಲರ್ ಮೈಕ್ ಸಿಕ್ಕಿಸಿ, ಮಾತಾಡುವವರ ಬಾಯಿಂದ ಒಂದು ಗೇಣು ಕೆಳಗೆ ಸೆರಗಿಗೋ ಅಂಗಿಗೋ ಹಚ್ಚಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ ಮಾದರಿ, 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಆರಿಸಿ; ಗಂಟೆಗೆ ಸುಮಾರು 520 ಎಂಬಿ ಜಾಗ ಬೇಕು. ವಾಟ್ಸ್ಯಾಪ್ ಧ್ವನಿ ಸಂದೇಶ ಸಂಗ್ರಹಕ್ಕೆ ಆಗದು, ಅದು ಧ್ವನಿಯನ್ನು ಹಿಂಡಿ ಕಳಿಸುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕದೆ ಶುರುಮಾಡಿದರೆ ಒಳ್ಳೆಯ ಮಾತಿನ ನಡುವೆಯೇ ಕರೆ ಬಂದು ಕೆಲವು ಫೋನುಗಳಲ್ಲಿ ರೆಕಾರ್ಡಿಂಗ್ ತುಂಡಾಗುತ್ತದೆ. ಫ್ಯಾನು, ಮಿಕ್ಸಿ, ಟಿವಿ ನಿಲ್ಲಿಸಿ. ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಕೂರಬೇಡಿ. ಮೊದಲ ಒಂದು ನಿಮಿಷ ಹಿಡಿದು ಇಯರ್‌ಫೋನಿನಲ್ಲಿ ಕೇಳಿಯೇ ಮುಂದುವರಿಯಿರಿ.

ಪ್ರತಿ ರೆಕಾರ್ಡಿಂಗಿನ ಆರಂಭದಲ್ಲಿ ನಿಮ್ಮ ದನಿಯಲ್ಲೇ ತಾರೀಖು, ಊರು, ಮನೆ ಸಂಖ್ಯೆ, ಮಾತಾಡುವವರು, ಕೇಳುವವರು, ಒಪ್ಪಿಗೆಯ ದರ್ಜೆ ಹೇಳಿ. ಫೈಲಿನ ಹೆಸರು ಕಳೆದುಹೋದರೂ ಇದು ಉಳಿಯುತ್ತದೆ. ಒಂದು ಬೈಠಕ್ಕಿಗೆ ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಎರಡನೆಯ ಸಲ ಹೋಗುವುದನ್ನು ತಪ್ಪಿಸಬೇಡಿ: ಮೊದಲ ದಿನ ಬರುವುದು ಊರೆಲ್ಲ ಹೇಳುವ ಕಥೆ, ರಾತ್ರಿ ನೆನಪು ಕೆದಕಿದ ಮೇಲೆ ಬರುವುದು ಅವರದೇ ಕಥೆ.

‘ನಿಮ್ಮ ಜೀವನದ ಬಗ್ಗೆ ಹೇಳಿ ಅಜ್ಜಿ’ ಎಂದರೆ ‘ಏನೈತಪ್ಪಾ ಹೇಳಾಕ’ ಎಂಬ ಉತ್ತರ ಸಿದ್ಧ. ವಸ್ತುವಿನಿಂದ ಶುರುಮಾಡಿ. ನೀವು ಮದುವೆಯಾಗಿ ಬಂದಾಗ ಒಲೆ ಯಾವ ಮೂಲೆಯಲ್ಲಿತ್ತು? ನೀರು ಯಾವ ಬಾವಿಯದು, ಆ ಬಾವಿಗೆ ಯಾರು ಬರುತ್ತಿರಲಿಲ್ಲ? ಎತ್ತುಗಳ ಹೆಸರೇನು? ಊರಿಗೆ ಮೊದಲ ರೇಡಿಯೊ ಯಾರ ಮನೆಯದು, ಕರೆಂಟು ಬಂದ ದಿನ ಯಾರ ಮನೆಗೆ ಮೊದಲು ದೀಪ? ಹೆರಿಗೆಗೆ ಯಾರು ಬರುತ್ತಿದ್ದರು? ಒಲೆಯ ಮೂಲೆಯಿಂದ ಹೊರಟ ಮಾತು ಅತ್ತೆಯ ಹೆಸರಿಗೆ, ಅತ್ತೆಯ ತವರಿಗೆ ತಾನಾಗಿ ಹೋಗುತ್ತದೆ. ಪಕ್ಕದಲ್ಲಿ ಕೂತು ‘ಹಂಗಲ್ಲವ್ವಾ, ಅದು ಹಿಂಗೆ’ ಎಂದು ತಿದ್ದುವ ಮಗನನ್ನು ಚಹಾ ತರಲು ಕಳಿಸಿ, ಅವರ ತಿದ್ದುಪಡಿಯನ್ನು ಬೇರೆಯೇ ಆಗಿ ಹಿಡಿಯಿರಿ.

ಬರಹಕ್ಕಿಳಿಸುವಾಗ ಎಲ್ಲವನ್ನೂ ಅಕ್ಷರಶಃ ಬರೆಯಲು ಹೋಗಿ ಸೋಲುವವರೇ ಹೆಚ್ಚು. ಒಂದು ಗಂಟೆಯ ಮಾತಿಗೆ ಆರೆಂಟು ಗಂಟೆ ಹಿಡಿಯುತ್ತದೆ. ಬದಲಿಗೆ ಪ್ರತಿ ಐದು ನಿಮಿಷಕ್ಕೊಂದು ಸಾಲು: ಎಷ್ಟನೇ ನಿಮಿಷ, ಯಾವ ವಿಷಯ, ಯಾವ ಹೆಸರುಗಳು. ನಿಜವಾಗಿ ಬೇಕಾದ ತುಣುಕನ್ನಷ್ಟೇ ಪೂರ್ತಿ ಬರೆಯಿರಿ, ಆಡಿದ ಮಾತಿನಲ್ಲೇ ಬರೆಯಿರಿ. ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಅರ್ಧ ಸಂಗ್ರಹ ಅಲ್ಲೇ ಹೋಯಿತು. ಧ್ವನಿಯನ್ನು ತಾನೇ ಬರಹ ಮಾಡುವ ತಂತ್ರಾಂಶಗಳ ಫಲಿತಾಂಶವನ್ನು ಕರಡಾಗಿ ಇಟ್ಟುಕೊಳ್ಳಬಹುದು, ಆದರೆ ಆಡುಮಾತಿನಲ್ಲೂ ಊರಿನ, ಮನೆತನದ ಹೆಸರುಗಳಲ್ಲೂ ಅವು ಎಡವುತ್ತವೆ.

ಇಸವಿ ಹಿಡಿಯುವುದು

ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ, ಇಲ್ಲವೇ ‘ಆ ಬರ ಬಂದಾಗ’ ಎನ್ನುತ್ತಾರೆ. ಎರಡೂ ಇಸವಿಗಿಂತ ನಂಬಬಹುದಾದವು. ಸಂವತ್ಸರಕ್ಕೆ ಲೆಕ್ಕ ಸುಲಭ: ಪ್ರಭವ ಸಂವತ್ಸರ ಶುರುವಾದದ್ದು 1867, 1927 ಮತ್ತು 1987ರ ಯುಗಾದಿಗೆ. ಬೇಕಾದ ಸಂವತ್ಸರ ಪ್ರಭವದಿಂದ ಎಷ್ಟನೆಯದೆಂದು ಎಣಿಸಿ, ಒಂದು ಕಳೆದು, ಈ ಮೂರರಲ್ಲಿ ಹೊಂದುವ ಇಸವಿಗೆ ಕೂಡಿಸಿ. ರಕ್ತಾಕ್ಷಿ ಐವತ್ತೆಂಟನೆಯದು, 1867ಕ್ಕೆ 57 ಸೇರಿಸಿದರೆ 1924. ಅಜ್ಜ ರಕ್ತಾಕ್ಷಿಯಲ್ಲಿ ಹುಟ್ಟಿದ್ದು ಎಂದರೆ 1924–25, ಅದಲ್ಲದಿದ್ದರೆ 1984–85. ಯಾವುದೆಂದು ಮಕ್ಕಳ ವಯಸ್ಸೇ ಹೇಳುತ್ತದೆ. ಎಲ್ಲರೂ ತಪ್ಪುವುದು ಮಾಸದಲ್ಲಿ. ರಕ್ತಾಕ್ಷಿಯ ಮಾಘ ಬಂದದ್ದು 1925ರಲ್ಲಿ, 1924ರಲ್ಲಲ್ಲ, ಏಕೆಂದರೆ ಸಂವತ್ಸರ ಮುಗಿಯುವುದು ಮುಂದಿನ ಯುಗಾದಿಗೆ. ಹಳೆ ಪತ್ರಗಳಲ್ಲಿ ಶಾಲಿವಾಹನ ಶಕ ಇದ್ದರೆ 78 ಕೂಡಿಸಿ. ಮದ್ರಾಸ್ ಪ್ರಾಂತ್ಯದ, ಹೈದರಾಬಾದ್ ಸಂಸ್ಥಾನದ ಕಂದಾಯ ಕಾಗದದಲ್ಲಿ ಫಸಲಿ ಎಂಬ ಕಂದಾಯ ವರ್ಷ ಇದ್ದರೆ 590 ಕೂಡಿಸಿದಾಗ ಆ ಫಸಲಿ ಆರಂಭವಾದ ಇಸವಿ ಸಿಗುತ್ತದೆ.

ಘಟನೆಗಳಿಗೆ ಒಂದು ಗೋಡೆಪಟ್ಟಿ ಮಾಡಿಕೊಳ್ಳಿ. ಧಾತು–ಈಶ್ವರದ ಬರ 1876–78. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898. ಆಮೇಲಿನ ವರ್ಷಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ನೆನಪು ಬಹಳ ಮನೆಗಳಲ್ಲಿದೆ. 1918ರ ಇನ್‌ಫ್ಲುಯೆಂಜಾ. 1942ರ ಚಳವಳಿ. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್. ಉಳುವವನಿಗೆ ಭೂಮಿ ಕಾಯ್ದೆ ಜಾರಿಯಾದದ್ದು 1974. ಇವುಗಳ ನಡುವೆ ನಿಮ್ಮ ಊರಿನದೇ ಗುರುತುಗಳನ್ನು ಸೇರಿಸಿ: ಕೆರೆ ಒಡೆದದ್ದು, ಶಾಲೆ ಶುರುವಾದದ್ದು, ಮೊದಲ ಬಸ್ಸು. ಆಮೇಲೆ ‘ಬಸ್ಸು ಬಂದಾಗ ನಿಮ್ಮ ದೊಡ್ಡಮಗ ನಡೀತಿದ್ನಾ, ಕೂಸಾ?’ ಎಂದು ಕೇಳಿದರೆ ಒಂದೆರಡು ವರ್ಷದ ಒಳಗೆ ಹುಟ್ಟು ಸಿಗುತ್ತದೆ.

ಕಾಗದದ ಜನ್ಮದಿನವನ್ನು ಕುರುಡಾಗಿ ನಂಬಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ಜೂನ್ 1, ಆಧಾರ್‌ನಲ್ಲಿ ಬರೀ ವಯಸ್ಸು ಹೇಳಿದವರಿಗೆ ಬಿದ್ದ ಜನವರಿ 1, ಇವೆರಡೂ ಎಲ್ಲೆಲ್ಲೂ ಕಾಣುತ್ತವೆ.

ವಂಶಾವಳಿ: ಮರ ಬೇಡ, ಸಂಖ್ಯೆ ಬೇಕು

ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ಕಡೆ ಚಾರ್ಟಿನ ಮರ ಮೂರನೇ ತಲೆಮಾರಿಗೇ ಸಿಕ್ಕಾಗುತ್ತದೆ: ಒಬ್ಬಾಕೆ ಸೊಸೆಯೂ ಹೌದು, ಮೊಮ್ಮಗಳೂ ಹೌದು. ಜೊತೆಗೆ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಬರುತ್ತದೆ, ಇಬ್ಬರು ಸೇರಿ ಒಬ್ಬರಾಗಿಬಿಡುತ್ತಾರೆ. ಪರಿಹಾರ ಒಂದೇ: ಪ್ರತಿ ವ್ಯಕ್ತಿಗೂ ಸಂಖ್ಯೆ. ಮನೆ 017ರ ಐದನೆಯವರು 017-05. ಮಗಳು 042ನೇ ಮನೆಗೆ ಹೋದರೂ ಹುಟ್ಟಿದ ಮನೆಯ ಸಂಖ್ಯೆಯೇ ಆಕೆಗೆ ಖಾಯಂ. 042ರ ಪುಟದಲ್ಲಿ ಆ ಸಂಖ್ಯೆಯನ್ನು ಉಲ್ಲೇಖಿಸಿದರೆ ಸಾಕು. ಹೊರ ಊರಿನಿಂದ ಬಂದ ಸೊಸೆಗೆ ಬಂದ ಮನೆಯ ಸಂಖ್ಯೆ, ಪಕ್ಕದಲ್ಲಿ ತವರೂರು. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇದ್ದರೆ ಎರಡೂ ಹೆಸರು ಬರೆಯಿರಿ. ದತ್ತು ಬಂದವರು, ಮನೆಅಳಿಯತನಕ್ಕೆ ಬಂದವರು ಎಂಬುದನ್ನು ಗುರುತು ಮಾಡಿ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ತಾಯಿಯ ಸಾಲನ್ನೇ ಮುಖ್ಯವಾಗಿಟ್ಟು ಬರೆಯಬೇಕು. ಅಪ್ಪನಿಂದ ಮಗನಿಗೆ ಇಳಿಯುವ ನಮೂನೆಗೆ ಅದನ್ನು ತುರುಕಿದರೆ ಕುಟುಂಬವೇ ಒಡೆದು ಕಾಣುತ್ತದೆ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶ ಇಂಥ ಸುತ್ತುಸಂಬಂಧಗಳನ್ನು ತಡೆದುಕೊಳ್ಳುತ್ತದೆ, ಕನ್ನಡ ಯೂನಿಕೋಡ್ ಒಪ್ಪುತ್ತದೆ, ಬೇರೆ ತಂತ್ರಾಂಶಕ್ಕೆ ಒಯ್ಯಲು ಗೆಡ್‌ಕಾಮ್ ಮಾದರಿಯಲ್ಲೂ ಹೊರಕೊಡುತ್ತದೆ. ಆದರೂ ಲೆಡ್ಜರ್ ಬಿಡಬೇಡಿ.

ಈ ಇಡೀ ಕೆಲಸದಲ್ಲಿ ಒಂದೇ ಒಂದು ನಿಯಮ ಪಾಲಿಸುವುದಾದರೆ ಇದನ್ನು ಪಾಲಿಸಿ: ಪ್ರತಿ ಸಾಲಿನ ಕೊನೆಗೂ ಮೂರರಲ್ಲೊಂದು ಗುರುತು ಹಾಕಿ, ಕಂಡದ್ದು, ಕೇಳಿದ್ದು, ಕಾಗದ. ಜೊತೆಗೆ ಯಾರು ಕಂಡದ್ದು, ಯಾರಿಂದ ಕೇಳಿದ್ದು, ಯಾವ ಕಾಗದ ಎಂಬ ಸಂಖ್ಯೆ. ಒಂದೇ ಘಟನೆಗೆ ಎರಡು ಮನೆಯವರು ಎರಡು ಕಥೆ ಹೇಳಿದರೆ ಎರಡನ್ನೂ ಇಡಿ. ಕೂಡಿಸಿ ಮೂರನೆಯದೊಂದನ್ನು ಹೆಣೆಯಬೇಡಿ. ಗುರುತಿಲ್ಲದ ಸಂಗ್ರಹದಲ್ಲಿ ಹತ್ತು ವರ್ಷದ ಮೇಲೆ ಯಾವುದು ಸಾಕ್ಷಿ, ಯಾವುದು ಊರ ಹರಟೆ ಎಂದು ಬರೆದವರಿಗೇ ತಿಳಿಯುವುದಿಲ್ಲ.

ಫೋಟೊ

ಮಳೆಗಾಲದಲ್ಲಿ ಆಲ್ಬಮ್ ಬಿಚ್ಚಬೇಡಿ; ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಸಾಮಾನ್ಯ ಫೋಟೊಗೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯವಕ್ಕೆ 1200. ಟಿಫ್ ಮಾದರಿಯಲ್ಲಿ ಉಳಿಸಿ. ಕಪ್ಪುಬಿಳುಪು ಚಿತ್ರವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಮಾಡಿ, ಸ್ಟುಡಿಯೊದ ಮುದ್ರೆ ಇರುವುದು ಅಲ್ಲೇ. ಅಸಲನ್ನು ಮನೆಯಿಂದ ಹೊರಗೆ ಒಯ್ಯದೆ, ಅವರ ಜಗಲಿಯಲ್ಲೇ ಕೆಲಸ ಮುಗಿಸಿ ವಾಪಸು ಕೊಡುವುದು ಕ್ಷೇಮ.

ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಬೇಡಿ. ತೇವಕ್ಕೆ ಚಿತ್ರದ ಜೆಲಾಟಿನ್ ಪದರವೇ ಗಾಜಿಗೆ ಹಿಡಿದಿರುತ್ತದೆ, ಎಳೆದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಮೂಲಕವೇ, ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು, ನಿಮ್ಮ ಬೆನ್ನ ಹಿಂದೆ ಕಪ್ಪು ಬಟ್ಟೆ ಹಿಡಿಸಿ ತೆಗೆಯಿರಿ, ಪ್ರತಿಫಲನ ಹೋಗುತ್ತದೆ. ಅಂಟು ಹಾಳೆಯ ಆಲ್ಬಮ್‌ನಿಂದ ಬಿಡಿಸಲು ಹಲ್ಲುಜ್ಜುವವರು ಬಳಸುವ ಫ್ಲಾಸ್ ದಾರವನ್ನು ಚಿತ್ರದ ಕೆಳಗೆ ಮೆಲ್ಲಗೆ ಗರಗಸದಂತೆ ಆಡಿಸಿ. ಲ್ಯಾಮಿನೇಶನ್ ಯಾವುದಕ್ಕೂ ಬೇಡ: ಶಾಖಕ್ಕೆ ಪದರ ಕರಗುತ್ತದೆ, ಆಮೇಲೆ ಬಿಡಿಸಲಾಗದು. ಸೆಲೋಟೇಪು ಹಳದಿಯಾಗಿ ಕಾಗದವನ್ನೂ ಹಳದಿ ಮಾಡುತ್ತದೆ. ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದೆ ಗೀರು ಮೂಡುತ್ತದೆ. ಹೆಸರನ್ನು ಲಕೋಟೆಯ ಮೇಲೆ ಬರೆದು ಆಮೇಲೆ ಫೋಟೊ ಒಳಗಿಡಿ.

ಯಾರೆಂದು ತಿಳಿಯದ ಮುಖಗಳಿಗೆ ಜಾತ್ರೆಗಿಂತ ಒಳ್ಳೆಯ ದಿನವಿಲ್ಲ, ಹೊರಗೆ ಹೋದ ಹೆಣ್ಣುಮಕ್ಕಳೆಲ್ಲ ಬರುತ್ತಾರೆ. ದೊಡ್ಡದಾಗಿ ಪ್ರಿಂಟ್ ತೆಗೆದು, ಪ್ರತಿ ಮುಖಕ್ಕೂ ಸಂಖ್ಯೆ ಹಾಕಿ, ಶಾಲೆಯ ಜಗಲಿಯಲ್ಲಿ ದಾರಕ್ಕೆ ನೇತುಹಾಕಿ. ಪಕ್ಕದಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತಿರಬೇಕು. ಗುರುತಿಸಿದವರ ಹೆಸರೂ ದಾಖಲಾಗಬೇಕು.

ಕಾಗದ, ಕಡತ, ಕಲ್ಲು

ಮನೆತನದ ಮಟ್ಟಿಗೆ ಅತಿ ಹೆಚ್ಚು ಕೊಡುವ ಸರ್ಕಾರಿ ದಾಖಲೆ ತಾಲ್ಲೂಕು ಕಚೇರಿಯ ಹಳೆ ಮ್ಯುಟೇಶನ್ ರಿಜಿಸ್ಟರ್, ಅಂದರೆ ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋದದ್ದನ್ನು ಬರೆದ ಪುಸ್ತಕ. ಪೌತಿ ಖಾತೆಯಾದ ಕಡೆ ಸತ್ತವರ ಹೆಸರು, ವಾರಸುದಾರರ ಹೆಸರು ಸಿಗುತ್ತವೆ. ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ‘ಡಿಕ್ಲರೇಶನ್’ ಕೊಟ್ಟ ಫಾರಂ 7ರ ಕಡತಗಳಲ್ಲಿ ಯಾರು ಯಾವಾಗಿನಿಂದ ಉಳುತ್ತಿದ್ದರು ಎಂಬ ಹೇಳಿಕೆಗಳಿರುತ್ತವೆ. ಬೇರೆಲ್ಲೂ ಹೆಸರೇ ಇಲ್ಲದ ಮನೆಗಳು ಅಲ್ಲಿ ಮಾತಾಡುತ್ತವೆ. ಶಾಲೆಯ ದಾಖಲಾತಿ ಪುಸ್ತಕ, ಪಂಚಾಯಿತಿಯ ಕಂದಾಯ ಪುಸ್ತಕ, ಕರಾವಳಿ–ಮಲೆನಾಡಿನ ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನದ ರಿಜಿಸ್ಟರ್ ನೋಡಿ. ಹಳೇ ಶಾನುಭೋಗರ ಮನೆಯ ಅಟ್ಟವನ್ನು ಒಮ್ಮೆ ಕೇಳಿ ನೋಡಿ: ವಂಶಪಾರಂಪರ್ಯ ಗ್ರಾಮಾಧಿಕಾರ ರದ್ದಾದಾಗ ಎಲ್ಲ ಲೆಕ್ಕವೂ ಸರ್ಕಾರಕ್ಕೆ ಹೋಗಲಿಲ್ಲ.

1956ಕ್ಕೆ ಮೊದಲು ಊರು ಯಾವ ಆಡಳಿತದಲ್ಲಿತ್ತು ಎಂಬುದರ ಮೇಲೆ ಭಾಷೆ ಬದಲಾಗುತ್ತದೆ. ಮುಂಬೈ ಕರ್ನಾಟಕದಲ್ಲಿ ಮೋಡಿ ಲಿಪಿಯ ಮರಾಠಿ, ಹೈದರಾಬಾದ್ ಕಡೆ ಉರ್ದು ಸಿಕ್ಕರೆ ಓದುವವರನ್ನು ಆಮೇಲೆ ಹುಡುಕಿ. ಮೊದಲು 400 ಡಿಪಿಐಗೆ ಸ್ಕ್ಯಾನ್ ಮಾಡಿ.

ತಾಳೆಗರಿ ಅಥವಾ ಕಪ್ಪು ಬಟ್ಟೆಯ ಕಡತ ಸಿಕ್ಕರೆ ಒರೆಸಬೇಡಿ, ಎಣ್ಣೆ ಹಚ್ಚಬೇಡಿ. ಕಡತದ ಬರಹ ಬಳಪದ್ದು, ಒದ್ದೆ ಬಟ್ಟೆ ತಾಗಿದರೆ ಅಳಿಸಿಹೋಗುತ್ತದೆ. ಇದ್ದಂತೆ ಫೋಟೊ ತೆಗೆದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೋ ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗವನ್ನೋ ಕೇಳಿ. ಉಳಿದ ಕಾಗದಕ್ಕೆ ನೆಲದಿಂದ ಒಂದಡಿ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಟ್ಟ ಕಬ್ಬಿಣದ ಟ್ರಂಕು, ಒಳಗೆ ಸಿಲಿಕಾ ಜೆಲ್ ಚೀಲ. ಬೇವಿನ ಎಲೆ, ಬಜೆ ಹಾಕುವುದಾದರೆ ಪೂರ್ತಿ ಒಣಗಿರಬೇಕು. ಹಸಿ ಎಲೆಯ ತೇವಕ್ಕೆ ಬೂಸ್ಟು ಬರುತ್ತದೆ.

ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಸುಣ್ಣ, ಎಣ್ಣೆ, ಬಣ್ಣ, ಸೀಮೆಸುಣ್ಣ ಯಾವುದೂ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಕಲ್ಲಿನ ಮೈಗೆ ಸವರುವಂತೆ ಹಿಡಿದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಓದುವ ಮೊದಲು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದಲ್ಲಿ ನಿಮ್ಮ ತಾಲ್ಲೂಕು ಬರುವ ಸಂಪುಟ ನೋಡಿ. ಹಳೇ ಮೈಸೂರು ಮತ್ತು ಕೊಡಗಿನ ಸಾವಿರಾರು ಶಾಸನಗಳು 1886ರಿಂದಲೇ ಬಿ.ಎಲ್. ರೈಸ್ ಅವರ ಕೈಯಲ್ಲಿ ಅಚ್ಚಾಗಿವೆ.

ಕಾಪಿಡುವುದು

ಫೈಲಿನ ಹೆಸರಿಗೆ ಬರೀ ಅಂಕಿ ಬಳಸಿ: 2025-03-14-017-02 ಎಂದರೆ ಆ ತಾರೀಖಿನಂದು 017ನೇ ಮನೆಯ ಎರಡನೇ ರೆಕಾರ್ಡಿಂಗ್. ಮೂರು ಪ್ರತಿ ಇರಲಿ: ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್, ಒಂದು ಕ್ಲೌಡ್. ಒಂದು ಡಿಸ್ಕ್ ಬೇರೆ ಊರಿನಲ್ಲಿರುವ ಊರವರ ಮನೆಯಲ್ಲಿರಲಿ, ಸಿಡಿಲಿಗೂ ನೆರೆಗೂ ಎರಡೂ ಒಟ್ಟಿಗೆ ಹೋಗದಂತೆ. ಪೆನ್‌ಡ್ರೈವ್ ಸಾಗಿಸಲು ಮಾತ್ರ, ಇಡಲು ಅಲ್ಲ. ಕ್ಲೌಡ್ ಖಾತೆ ಯಾರೋ ಒಬ್ಬ ಹುಡುಗನ ಸ್ವಂತ ಇಮೇಲಿನಲ್ಲಿದ್ದರೆ, ಅವನು ಕೆಲಸ ಬದಲಿಸಿ ಫೋನ್ ನಂಬರ್ ಬಿಟ್ಟ ದಿನ ಬಾಗಿಲು ಮುಚ್ಚುತ್ತದೆ. ಸಂಗ್ರಹಕ್ಕೆಂದೇ ಬೇರೆ ಖಾತೆ ತೆರೆದು, ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಎರಡು ಮನೆಗಳಲ್ಲಿಡಿ. ವರ್ಷಕ್ಕೊಮ್ಮೆ ಎರಡೂ ಡಿಸ್ಕ್ ಹಚ್ಚಿ ಹತ್ತಿಪ್ಪತ್ತು ಫೈಲು ತೆರೆದು ನೋಡಿ, ಐದಾರು ವರ್ಷಕ್ಕೆ ಹೊಸ ಡಿಸ್ಕಿಗೆ ನಕಲು ಮಾಡಿ.

ಇಷ್ಟಾದ ಮೇಲೂ ಕಾಗದವೇ ಗಟ್ಟಿ. ಮನೆಪಟ್ಟಿ, ವಂಶಾವಳಿ, ನಕ್ಷೆ, ರೆಕಾರ್ಡಿಂಗಿನ ಐದು ನಿಮಿಷದ ಸಾಲುಗಳು, ಇವನ್ನು ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ಟಿನ ಶಾಯಿ ತೇವಕ್ಕೆ ಹರಡುತ್ತದೆ. ‘ಎಲ್ಲರಿಗೂ ತೆರೆದದ್ದು’ ದರ್ಜೆಯ ಪುಟಗಳ ಒಂದು ಪ್ರತಿ ಶಾಲೆಗೆ, ಒಂದು ಪಂಚಾಯಿತಿ ಗ್ರಂಥಾಲಯಕ್ಕೆ. ಪ್ರತಿ ಮನೆಗೂ ಅವರದೇ ಎರಡು ಪುಟ. ಆ ಎರಡು ಪುಟ ಮನೆಗೆ ಹೋದ ವಾರದಲ್ಲಿ ತಿದ್ದುಪಡಿಗಳು ಒಟ್ಟೊಟ್ಟಿಗೆ ಬರುತ್ತವೆ. ಹಳೆಯ ಸಾಲನ್ನು ಅಳಿಸದೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತಿದ್ದಿದವರ ಸಂಖ್ಯೆ ಮತ್ತು ತಾರೀಖು ಬರೆಯಿರಿ.